ನಾವು ಕೈಗೊಂಡ ಮೊದಲನೆಯ ಸಮುದ್ರಯಾನ



ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಊರೆಂಬುದನ್ನು ನಿಮ್ಮಲ್ಲಿ ಪ್ರತಿಯೊಬ್ಬರೂ ನಮ್ಮ ಶಾಲೆಯ ಭೂಗೋಳದ ಪಾಠದಲ್ಲಿ ಕಲಿತಿರುವಿರಿ. ಹಲಸೂರಿನ ಕೆರೆಯನ್ನು ಬಿಟ್ಟರೆ ದೋಣಿಯನ್ನೇರಿದ ಅನುಭವವೇ ಇಲ್ಲದ ಹುಡುಗಿಯರು ನಮ್ಮಲ್ಲಿ ಈಗಲೂ ಅನೇಕರಿದ್ದಾರೆ. ಸಮುದ್ರದ ದಡವನ್ನು ನೋಡಿ ಬಂದವರು ಬೇಕಾದಷ್ಟು ಮಂದಿ. ಆದರೆ ಸಮುದ್ರದ ಮೇಲೆ ಒಂದು ರಾತ್ರಿಯನ್ನು ಕಳೆದವರು ಯಾರೆಂದು ಕೇಳಿದರೆ ತರಗತಿಯಲ್ಲಿ ಒಂದೆರಡು ಕೈಗಳಿಗಿಂತ ಹೆಚ್ಚು ಮೇಲೇಳುವುದಿಲ್ಲ. ಹಿಂದಿನ ಕಾಲದಲ್ಲಿ ಇಂಥ ಮಿಷನ್ ಶಾಲೆಗಳಲ್ಲಿ ಪಾಠ ಹೇಳಲು ಪರದೇಶದಿಂದ ಬಂದ ಗುರುಮಾತೆಯರು ಎಲ್ಲರೂ ಹಡಗಿನಲ್ಲಿಯೇ ಬಂದವರು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವುದಕ್ಕೆ ಮುಂಚೆ ಬಂದವರಲ್ಲಿ ಕೆಲವರಂತೂ ಆಫ್ರಿಕಾ ಖಂಡವನ್ನೇ ಬಳಸಿಕೊಂಡು ತಿಂಗಳುಗಟ್ಟಲೆ ನೀರಿನ ಮೇಲಿದ್ದು ಬಂದರು. ಅವರಿಗೆ ಹಡಗು ಎಂದರೆ ಅಗಲಿಕೆ. ಈ ಕಾಲದವರಿಗೋ, ಹಡಗು ಎಂದರೆ ರಜೆಯ ವಿನೋದ.

ಈಚೆಗೆ ಪೋಷಕರು ಕೆಲವರು ನಮ್ಮ ಕೊಠಡಿಗೆ ಬಂದಾಗ ಮಗಳ ಅಂಕಗಳ ಮಾತು ಮುಗಿದ ಮೇಲೆ, “ನೀವು ಹಡಗಿನಲ್ಲಿ ಹೋಗಿಬಂದವರಂತೆ, ಮಕ್ಕಳನ್ನೂ ವೃದ್ಧರನ್ನೂ ಕರೆದುಕೊಂಡು ಹೋಗಬಹುದೇ?” ಎಂದು ಕೇಳುವುದುಂಟು. 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಕಾರ್ಡೀಲಿಯಾ ಎಂಬ ಕಂಪನಿಯ ದೊಡ್ಡ ವಿಹಾರದ ಹಡಗು ಯಾನ ಪ್ರಾರಂಭಿಸಿದಂದಿನಿಂದ ಈ ಪ್ರಶ್ನೆ ಹೆಚ್ಚಿದೆ. ಆ ಹಡಗು ಈಜುಕೊಳ, ನಾಟ್ಯಶಾಲೆ ಮೊದಲಾದುವುಗಳಿಂದ ಕೂಡಿದ ತೇಲುವ ಪಟ್ಟಣದಂಥದು. ನಾವು ಹೋದದ್ದು ಅದರಲ್ಲಲ್ಲ. 2018ರ ಡಿಸೆಂಬರಿನ ರಜೆಯಲ್ಲಿ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ, ‘ಎಂ.ವಿ. ಕವರತ್ತಿ’ ಎಂಬ ಹಡಗಿನಲ್ಲಿ, ‘ಸಮುದ್ರಂ’ ಎಂಬ ಹೆಸರಿನ ಐದು ದಿನಗಳ ಪ್ರವಾಸ ನಮ್ಮದು. ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ನಮ್ಮಿಂದ ಲೇಖನವೊಂದನ್ನು ಅಪೇಕ್ಷಿಸಿದುದರಿಂದ, ಆ ಪ್ರವಾಸದ ವೃತ್ತಾಂತವನ್ನೂ ಅದರಿಂದ ನಮ್ಮ ಕುಟುಂಬಕ್ಕಾದುದನ್ನೂ ಇಲ್ಲಿ ಬರೆಯುತ್ತೇವೆ.

ನಮ್ಮ ಸಂಗಡ ಹೊರಟವರು ಮೂವರು: 73 ವರ್ಷ ವಯಸ್ಸಿನ ನಮ್ಮ ತಾಯಿಯವರು, ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ನಮ್ಮ ತಮ್ಮನ ಮಗಳು, ಒಂಬತ್ತು ವರ್ಷದ ಅವನ ಮಗ. ತಮ್ಮನು ತೀರಿಕೊಂಡು ಆಗ್ಗೆ ಮೂರು ವರ್ಷಗಳಾಗಿದ್ದುವು. ಅವನ ಪತ್ನಿಯು ದಾದಿಯ ಕೆಲಸದ ಮೇಲೆ ಮಸ್ಕತ್ತಿನಲ್ಲಿದ್ದಳು. ಮಕ್ಕಳು ಹಲಸೂರಿನ ಮನೆಯಲ್ಲಿ ಅಜ್ಜಿಯ ಮಡಿಲಲ್ಲಿಯೂ ನಮ್ಮ ಕಣ್ಣೆದುರಿನಲ್ಲಿಯೂ ಬೆಳೆಯುತ್ತಿದ್ದರು. ಆ ವರ್ಷ ಅವರ ತಾಯಿಯು, ತನಗೆ ಮನೆ ಸಿಕ್ಕಿದೆಯೆಂದೂ ಬರುವ ಏಪ್ರಿಲಿನಲ್ಲಿ ಮಕ್ಕಳಿಬ್ಬರನ್ನೂ ಕರೆಸಿಕೊಂಡು ಅಲ್ಲಿಯ ಇಂಡಿಯನ್ ಶಾಲೆಗೆ ಸೇರಿಸುವೆನೆಂದೂ ತಿಳಿಸಿದ್ದಳು. ಹುಡುಗನು ಕುಣಿದಾಡಿದನು. ಹುಡುಗಿಯು ಮಾತ್ರ ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. ತಾಯಿಯು ಫೋನ್ ಮಾಡಿದರೆ ಪಾಠದ ನೆಪ, ತಲೆನೋವಿನ ನೆಪ. ನಮ್ಮ ತಾಯಿಯವರೂ ಆ ವಿಷಯ ಬಂದ ಕೂಡಲೇ ಅಡಿಗೆಯ ಮನೆಗೆ ಹೊರಟುಹೋಗುವರು. ಒಂದೇ ಮನೆಯಲ್ಲಿ ನಾಲ್ವರು ನಾಲ್ಕು ಗೋಡೆಗಳಂತೆ ಇದ್ದೆವು. ನಾಲ್ವರೂ ಒಟ್ಟಿಗಿರುವ ಕೊನೆಯ ರಜೆಯು ಇದೇ ಆಗಬಹುದೆಂಬ ಯೋಚನೆಯು ನಮ್ಮನ್ನು ಈ ಯಾನಕ್ಕೆ ಪ್ರೇರಿಸಿತು.

ಲಕ್ಷದ್ವೀಪಕ್ಕೆ ಹೊರಗಿನವರು ಅನುಮತಿಪತ್ರವಿಲ್ಲದೆ ಹೋಗಕೂಡದು. 1967ರ ನಿಯಮಗಳು ಹಾಗೆ ವಿಧಿಸಿವೆ. ದ್ವೀಪಗಳ ಒಟ್ಟು ನೆಲವೇ ಸುಮಾರು 32 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಅಲ್ಲಿದ್ದವರು 64 ಸಾವಿರಕ್ಕಿಂತ ಸ್ವಲ್ಪ ಹೆಚ್ಚು. ಜನವಸತಿಯುಳ್ಳ ದ್ವೀಪಗಳು ಹತ್ತೇ. ಇಷ್ಟು ಸಣ್ಣ ನೆಲಕ್ಕೆ ಬಂದವರೆಲ್ಲರೂ ನುಗ್ಗಿದರೆ ಅದು ತಡೆಯಲಾರದು. ಅರ್ಜಿ, ಭಾವಚಿತ್ರ, ಪೊಲೀಸ್ ಠಾಣೆಯ ಪ್ರಮಾಣಪತ್ರ, ಇವುಗಳನ್ನೆಲ್ಲ ಒದಗಿಸಿದ ಮೇಲೆ ಅನುಮತಿಯು ಬಂದಿತು. ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ಟಿನ ಬಳಿ ನಾಲ್ವರಿಗೂ ರಬ್ಬರಿನ ಚಪ್ಪಲಿ, ಹುಡುಗನಿಗೆ ಬಿಸಿಲಿನ ಟೋಪಿ, ಅಮ್ಮನವರಿಗೆ ಒಣಶುಂಠಿ ಕೊಂಡೆವು. ಅಮ್ಮನವರಿಗೆ ಮೊಣಕಾಲಿನ ನೋವು ಬಹಳ, ಕೋಲಿಲ್ಲದೆ ನಡೆಯರು. “ನನ್ನನ್ನು ಬಿಟ್ಟು ಹೋಗಿಬನ್ನಿ, ಮಗಳೇ. ಮುದುಕಿಗೆ ಹಡಗೇಕೆ?” ಎಂದು ಕೊನೆಯ ದಿನದವರೆಗೂ ಅನ್ನುತ್ತಲೇ ತಮ್ಮ ಸೀರೆಗಳನ್ನು ಮಡಿಸಿ ಪೆಟ್ಟಿಗೆಗೆ ತುಂಬುತ್ತಿದ್ದರು.

ಕಂಟೋನ್ಮೆಂಟ್ ನಿಲ್ದಾಣದಲ್ಲಿ ರಾತ್ರಿ ಕನ್ಯಾಕುಮಾರಿಯ ರೈಲನ್ನೇರಿದೆವು. ಹಿರಿಯರು ಇಂದಿಗೂ ಅದನ್ನು ಐಲೆಂಡ್ ಎಕ್ಸ್‌ಪ್ರೆಸ್ ಎಂದೇ ಕರೆಯುತ್ತಾರೆ. ಹಿಂದೆ ಅದು ಕೊಚ್ಚಿಯ ವಿಲಿಂಗ್ಡನ್ ದ್ವೀಪದ ಬಂದರು ನಿಲ್ದಾಣದವರೆಗೆ ಹೋಗುತ್ತಿದ್ದುದರಿಂದ ಆ ಹೆಸರು. ಆ ದ್ವೀಪವೂ ಮನುಷ್ಯರು ಮಾಡಿದುದೇ. ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರರು ಬಂದರನ್ನು ಆಳಗೊಳಿಸುವಾಗ ತೆಗೆದ ಮಣ್ಣನ್ನೇ ಹರವಿ ಅದನ್ನು ನಿರ್ಮಿಸಿದರು. ರೈಲು ನಿಲ್ದಾಣದ ಹಳದಿ ಹಲಗೆಗಳ ಮೇಲೆ ಸಮುದ್ರಮಟ್ಟದಿಂದ ಎಷ್ಟು ಎತ್ತರವೆಂದು ಬರೆದಿರುವುದನ್ನು ನಮ್ಮ ಹುಡುಗನು ಕೃಷ್ಣರಾಜಪುರದಲ್ಲಿ ಓದಿ, “ಅತ್ತೆ, ನಾವು ಬೆಳಗಾಗುವುದರೊಳಗೆ ಇಷ್ಟನ್ನೂ ಇಳಿದುಬಿಡುತ್ತೇವೆಯೇ?” ಎಂದು ಕೇಳಿದನು. ಬೆಳಿಗ್ಗೆ ಎರ್ನಾಕುಲಂ ಹಲಗೆಯಲ್ಲಿ ಕೆಲವೇ ಮೀಟರುಗಳೆಂದು ಕಂಡು, ತಾನೇ ರೈಲನ್ನು ಇಳಿಸಿದವನಂತೆ ಹೆಮ್ಮೆಪಟ್ಟನು.

ಹಡಗು ನಾವು ಊಹಿಸಿದುದಕ್ಕಿಂತ ದೊಡ್ಡದಾಗಿದ್ದಿತು. ವಿಶಾಖಪಟ್ಟಣದ ಹಿಂದೂಸ್ಥಾನ್ ಶಿಪ್‌ಯಾರ್ಡಿನಲ್ಲಿ ಕಟ್ಟಿದುದು. 700 ಮಂದಿ ಪ್ರಯಾಣಿಕರು ಹಿಡಿಯುತ್ತಾರೆ. ವಿಹಾರಕ್ಕೆ ಬಂದ ನಾವು ಅವರಲ್ಲಿ ಒಂದು ಪಾಲು ಮಾತ್ರ. ಉಳಿದವರು ದ್ವೀಪದ ಜನರೇ. ಕೊಚ್ಚಿಯ ಆಸ್ಪತ್ರೆಗೆ ಬಂದು ಹಿಂತಿರುಗುವ ರೋಗಿಗಳು, ರಜೆಗೆ ಮನೆಗೆ ಹೋಗುವ ಕಾಲೇಜಿನ ವಿದ್ಯಾರ್ಥಿಗಳು, ಅಕ್ಕಿಯ ಮೂಟೆ, ಕೋಳಿಯ ಪಂಜರ, ಹೊಸ ಫ್ಯಾನ್ ಇಟ್ಟುಕೊಂಡ ಗೃಹಸ್ಥರು. ನಮಗೆ ವಿನೋದವಾದುದು ಅವರಿಗೆ ದಿನಬಳಕೆಯ ದಾರಿ ಎಂಬುದನ್ನು ಹಡಗು ಹತ್ತಿದ ಮೊದಲನೆಯ ಗಳಿಗೆಯಲ್ಲಿಯೇ ಮಕ್ಕಳು ಕಂಡರು. ನಮಗೆ ನಾಲ್ಕು ಮಂಚಗಳ ಒಂದು ಸಣ್ಣ ಕೋಣೆ ದೊರೆಯಿತು. ಕೆಳಗಿನ ಮಂಚವು ಅಮ್ಮನವರಿಗೆ. ಗುಂಡನೆಯ ಗಾಜಿನ ಕಿಟಕಿಯಿಂದ ಅವರು ನೀರನ್ನು ನೋಡಿ, ಒಂದು ನಿಮಿಷ ಕಣ್ಣುಮುಚ್ಚಿ ಪ್ರಾರ್ಥಿಸಿದರು.

ಹೊರಡುವುದಕ್ಕೆ ಮುಂಚೆ ಎಲ್ಲರಿಗೂ ಜೀವರಕ್ಷಕ ಕವಚವನ್ನು ತೊಡುವ ರೀತಿಯನ್ನು ತೋರಿಸಿದರು. ಹುಡುಗಿಯು ಅದನ್ನು ಅಸಡ್ಡೆಯಿಂದ ನೋಡುತ್ತಿದ್ದಳು. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಅದರಲ್ಲಿದ್ದ ಎಲ್ಲರಿಗೂ ಸಾಕಾಗುವಷ್ಟು ದೋಣಿಗಳಿರಲಿಲ್ಲವೆಂದೂ, ಆ ದುರಂತದ ತರುವಾಯವೇ 1914ರಲ್ಲಿ ರಾಷ್ಟ್ರಗಳು ಸೇರಿ ಸಮುದ್ರದಲ್ಲಿ ಜೀವರಕ್ಷಣೆಯ ಒಪ್ಪಂದವನ್ನು ಮಾಡಿಕೊಂಡುವೆಂದೂ ನಾವು ಹೇಳಿದ ಮೇಲೆ, ಅವಳು ಅಜ್ಜಿಯ ಕವಚದ ದಾರವನ್ನು ತಾನೇ ಎರಡು ಸಲ ಕಟ್ಟಿ ಬಿಚ್ಚಿ ನೋಡಿದಳು.

ಸಮುದ್ರರೋಗದ ವಿಷಯವಾಗಿ ತಾಯಂದಿರಿಗೆ ಎರಡು ಮಾತು. ಒಳಗಿವಿಯು ಚಲನೆಯನ್ನು ತಿಳಿಯುತ್ತದೆ. ಕಣ್ಣು ಕೋಣೆಯ ಗೋಡೆಯು ಕದಲದೆ ಇರುವುದನ್ನು ನೋಡುತ್ತದೆ. ಇವೆರಡರ ಸಾಕ್ಷ್ಯವೂ ಒಂದಕ್ಕೊಂದು ಹೊಂದದಿರುವಾಗ ತಲೆ ತಿರುಗಿ ವಾಂತಿ ಬರುತ್ತದೆ. ಆದುದರಿಂದ ಹೊರಗೆ ಬಂದು ದಿಗಂತವನ್ನು ನೋಡುವುದು ಒಳ್ಳೆಯದು. ಹಡಗಿನ ನಡುಭಾಗದಲ್ಲಿಯೂ ಕೆಳಗಿನ ಅಂತಸ್ತಿನಲ್ಲಿಯೂ ತೂಗಾಟವು ಕಡಿಮೆ. ವೈದ್ಯರ ಸಲಹೆಯಂತೆ ಮಾತ್ರೆಯನ್ನು ಹಡಗು ಹೊರಡುವುದಕ್ಕೆ ಮೊದಲೇ ತೆಗೆದುಕೊಳ್ಳತಕ್ಕದ್ದು. ಕಾಯಿಲೆ ಬಂದ ಮೇಲೆ ತೆಗೆದುಕೊಂಡರೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನಮ್ಮಲ್ಲಿ ಆ ರೋಗವು ಬಂದುದು ಹುಡುಗಿಯೊಬ್ಬಳಿಗೇ, ಅದೂ ಮೊದಲನೆಯ ರಾತ್ರಿ ಮಾತ್ರ. ಅಮ್ಮನವರು ಶುಂಠಿ ನೆಕ್ಕಿಸುತ್ತ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಎಷ್ಟೋ ತಿಂಗಳುಗಳಿಂದ ಆ ಹುಡುಗಿಯು ಯಾರ ತೊಡೆಯ ಮೇಲೂ ತಲೆಯಿಟ್ಟಿರಲಿಲ್ಲ.

ಅದಕ್ಕೆ ಮುಂಚೆ, ಆ ದಿನದ ಸಂಜೆ, ಕರಾವಳಿಯು ಹಿಂದೆ ಒಂದು ಗೆರೆಯಾಗಿ ಕಾಣಿಸದೆ ಹೋದ ಮೇಲೆ ನಾಲ್ವರೂ ಮೇಲಿನ ಅಂತಸ್ತಿನಲ್ಲಿ ನಿಂತು ಸೂರ್ಯಾಸ್ತವನ್ನು ನೋಡಿದೆವು. ಮೊಬೈಲುಗಳೆಲ್ಲ ಮೂಕವಾಗಿದ್ದುವು. ಹುಡುಗನು, “ಅತ್ತೆ, ಅಮ್ಮ ಇರುವುದು ಆ ಸೂರ್ಯನು ಮುಳುಗುವ ಕಡೆಯಲ್ಲಿಯೇ?” ಎಂದನು. ನಾವು ಅವನನ್ನು ಸೂರ್ಯನಿಗೆ ಎದುರಾಗಿ ನಿಲ್ಲಿಸಿ, ಡಿಸೆಂಬರಿನಲ್ಲಿ ಸೂರ್ಯನು ಪಶ್ಚಿಮದಿಂದ ಸ್ವಲ್ಪ ದಕ್ಷಿಣಕ್ಕೆ ಸರಿದು ಮುಳುಗುತ್ತಾನೆ, ಆದುದರಿಂದ ಮಸ್ಕತ್ತು ನಿನ್ನ ಬಲಗಡೆಗೆ, ವಾಯವ್ಯ ದಿಕ್ಕಿಗೆ, ಎರಡು ಸಾವಿರ ಕಿಲೋಮೀಟರಿಗೂ ದೂರದಲ್ಲಿದೆ ಎಂದು ಕೈಹಿಡಿದು ತೋರಿಸಿದೆವು. ಅಲ್ಲಿಯ ಗಡಿಯಾರವು ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಅವನು ಬೆರಳೆಣಿಸಿ, “ಹಾಗಾದರೆ ಅಲ್ಲಿ ಇನ್ನೂ ನಾಲ್ಕೂವರೆ. ಅಮ್ಮನಿಗೆ ಇನ್ನೂ ಬಿಸಿಲಿದೆ” ಎಂದನು. “ನಡುವೆ ಇರುವುದು ಇದೇ ನೀರೇ?” “ಇದೇ ನೀರು, ಪುಟ್ಟ.” ಹುಡುಗಿಯು ಏನೂ ಅನ್ನಲಿಲ್ಲ, ಆದರೆ ಅವಳ ಮುಖವು ಬಲಗಡೆಗೆ ತಿರುಗಿದ್ದುದನ್ನು ನಾವು ಕಂಡೆವು.

ಮರುದಿನ ಬೆಳಿಗ್ಗೆ ಕಲ್ಪೇನಿ ದ್ವೀಪ. ಕೊಚ್ಚಿಗೆ 287 ಕಿಲೋಮೀಟರ್ ದೂರ. ಈ ದ್ವೀಪಗಳು ಹವಳದ ಹುಳುಗಳು ಕಟ್ಟಿದ ಬೇಲಿಯ ಒಳಗಿರುವುವು. ಸಮುದ್ರದಲ್ಲಿ ಮುಳುಗುತ್ತ ಹೋದ ಬೆಟ್ಟದ ಸುತ್ತ ಹವಳವು ಬೆಳಕಿಗಾಗಿ ಮೇಲೆ ಮೇಲೆ ಬೆಳೆಯುತ್ತ ಬಂದು, ಕೊನೆಗೆ ಬೆಟ್ಟವು ಮರೆಯಾಗಿ ಉಂಗುರವೊಂದೇ ಉಳಿಯುವುದೆಂದು ಡಾರ್ವಿನ್ ಪಂಡಿತನು 1842ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದನು. ಉಂಗುರದ ಒಳಗಿನ ತಿಳಿನೀರಿಗೆ ಲಗೂನ್ ಎನ್ನುತ್ತಾರೆ. ಅಲ್ಲಿ ಆಳವು ಕಡಿಮೆಯಾದುದರಿಂದ ದೊಡ್ಡ ಹಡಗು ಒಳಗೆ ಬರಲಾರದೆ ಹೊರಗೆ ನಿಂತುಬಿಡುತ್ತದೆ. ಹಡಗಿನ ಪಕ್ಕದಲ್ಲಿರುವ ಬಾಗಿಲನ್ನು ತೆರೆದು, ಅಲೆಯೊಡನೆ ಏಳುತ್ತ ಬೀಳುತ್ತ ಇರುವ ಸಣ್ಣ ದೋಣಿಗೆ ಪ್ರಯಾಣಿಕರನ್ನು ಒಬ್ಬೊಬ್ಬರನ್ನಾಗಿ ಇಳಿಸುತ್ತಾರೆ.

ವೃದ್ಧರನ್ನು ಕರೆದೊಯ್ಯಬಹುದೇ ಎಂಬ ಪ್ರಶ್ನೆಗೆ ಉತ್ತರವಿರುವುದು ಈ ಬಾಗಿಲಿನಲ್ಲಿಯೇ. ದೋಣಿಯು ಒಂದು ಗಳಿಗೆ ಹೊಸ್ತಿಲಿಗೆ ಸಮನಾಗಿ ಬರುತ್ತದೆ. ಮರುಗಳಿಗೆ ಒಬ್ಬ ಹುಡುಗನಷ್ಟು ಆಳಕ್ಕೆ ಇಳಿಯುತ್ತದೆ. ಅಮ್ಮನವರು ಬಾಗಿಲಿನವರೆಗೆ ಬಂದು, ನೋಡಿ, ಕೋಲನ್ನೂರಿ ನಿಂತುಬಿಟ್ಟರು. ಹಿಂದೆ ಸಾಲು ಕಾದಿತ್ತು. ನಾವು ಬಾಯಿ ತೆರೆಯುವುದಕ್ಕೆ ಮೊದಲೇ ಅವರು ಮೊಮ್ಮಗಳ ಕಡೆಗೆ ತಿರುಗಿ, “ನೀನು ಹೇಳು, ಕಂದ. ಇಳಿಯಲೋ, ಇಲ್ಲಿಯೇ ಕುಳಿತಿರಲೋ?” ಎಂದರು. ಮನೆಯಲ್ಲಿ ಯಾವ ವಿಷಯಕ್ಕೂ ಅವಳ ಮಾತನ್ನು ಕೇಳಿದ ವಾಡಿಕೆಯಿರಲಿಲ್ಲ. ಹುಡುಗಿಯು ದೋಣಿಯನ್ನೂ ಅಜ್ಜಿಯ ಕಾಲುಗಳನ್ನೂ ನೋಡಿ, “ನಾನು ಮೊದಲು ಇಳಿಯುತ್ತೇನೆ, ಅಜ್ಜಿ. ಇಳಿದು ಕೆಳಗೆ ನಿಂತು ನಿಮ್ಮ ಕೈ ಹಿಡಿಯುತ್ತೇನೆ. ಅವರು ಹೇಳುವವರೆಗೆ ಕಾಲೆತ್ತಬೇಡಿ” ಎಂದು ಹೇಳಿ ಇಳಿದೇಬಿಟ್ಟಳು. ಇಬ್ಬರು ನಾವಿಕರು ಅಮ್ಮನವರ ತೋಳುಗಳನ್ನು ಹಿಡಿದುಕೊಂಡರು. ಅವರ ಮಲೆಯಾಳಕ್ಕೆ ಅಮ್ಮನವರು ಹಲಸೂರಿನ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದರು. ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು. ಎರಡು ಅಲೆಗಳು ಹೋಗುವವರೆಗೆ ಕಾದು, ಮೂರನೆಯದು ದೋಣಿಯನ್ನು ಎತ್ತಿದಾಗ ‘ಈಗ’ ಎಂದರು. ಅಮ್ಮನವರು ಹೆಜ್ಜೆಯಿಟ್ಟರು, ಅಷ್ಟೇ. ದೋಣಿಯಲ್ಲಿ ಕುಳಿತು ಸೆರಗಿನಿಂದ ಮುಖವೊರೆಸಿಕೊಂಡು ನಕ್ಕರು. ತಾವು ಇಳಿಯದೆ ಹಡಗಿನಲ್ಲಿಯೇ ಉಳಿದ ವೃದ್ಧರೂ ಇದ್ದರು. ಅವರನ್ನು ಯಾರೂ ಬಲವಂತಪಡಿಸಲಿಲ್ಲ. ವೃದ್ಧರನ್ನು ಕರೆದೊಯ್ಯುವವರು ಈ ಎರಡನ್ನೂ ಮೊದಲೇ ತಿಳಿದಿರಬೇಕು.

ಕಲ್ಪೇನಿಯಲ್ಲಿ, 1847ರ ಮಹಾ ಬಿರುಗಾಳಿಯು ದಡಕ್ಕೆ ಎಸೆದ ಹವಳದ ಚೂರುಗಳ ದಿಬ್ಬವನ್ನು ಇಂದಿಗೂ ನೋಡಬಹುದು. ಹೆಣ್ಣುಮಕ್ಕಳ ವಿದ್ಯಾಭ್ಯಾಸವೆಂದರೆ ಹುಬ್ಬುಗಂಟಿಕ್ಕುತ್ತಿದ್ದ ಕಾಲದಲ್ಲಿ ಈ ದ್ವೀಪಗಳ ಪೈಕಿ ಮೊದಲು ಶಾಲೆಗೆ ಹೋದವರು ಕಲ್ಪೇನಿಯ ಹುಡುಗಿಯರೆಂಬ ಕೀರ್ತಿಯು ಆ ದ್ವೀಪಕ್ಕಿದೆ. ಇದನ್ನು ಕೇಳಿ, ಹೆಣ್ಣುಮಕ್ಕಳ ಶಾಲೆಯಲ್ಲಿಯೇ ಓದಿ ಅಲ್ಲಿಯೇ ಕಲಿಸುವ ನಮಗೆ ಎಷ್ಟು ಸಂತೋಷವಾಯಿತೆಂದು ಬೇರೆ ಹೇಳಬೇಕಾಗಿಲ್ಲ. 2011ರ ಗಣತಿಯಲ್ಲಿ ಲಕ್ಷದ್ವೀಪದ ನೂರು ಮಂದಿ ಸ್ತ್ರೀಯರಲ್ಲಿ ಸುಮಾರು 88 ಮಂದಿ ಅಕ್ಷರಸ್ಥರು. ನಮ್ಮ ಕರ್ನಾಟಕದಲ್ಲಿ ಆಗ ಆ ಲೆಕ್ಕವು ಸುಮಾರು 68. ನಾಲ್ಕು ಕಡೆಯೂ ನೀರಿರುವ ಊರು ನಮಗಿಂತ ಮುಂದಾಗಿತ್ತು.

ದ್ವೀಪಗಳಿಗೂ ಕನ್ನಡ ನಾಡಿಗೂ ಇರುವ ನಂಟನ್ನು ಮಕ್ಕಳಿಗೆ ಹೇಳಿದೆವು. ಉತ್ತರದಲ್ಲಿರುವ ಅಮಿನಿ, ಕಡಮತ್ ಮೊದಲಾದ ಅಮಿನ್‌ದೀವಿ ದ್ವೀಪಗಳು 1787ರಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆಗೆ ಬಂದುವು. 1799ರಲ್ಲಿ ಅವನು ಮಡಿದ ಮೇಲೆ ಇಂಗ್ಲಿಷರ ಕೈಸೇರಿ, 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದುವು. ಅಂದರೆ ನಮ್ಮ ರಾಜ್ಯೋತ್ಸವದ ದಿನವೇ ಅವು ಮಂಗಳೂರಿನ ಕಚೇರಿಯನ್ನು ಬಿಟ್ಟು ಇತರ ದ್ವೀಪಗಳೊಡನೆ ಕೇಂದ್ರಾಡಳಿತಕ್ಕೆ ಸೇರಿದುವು. ಒಂದು ದಿನವು ಕೆಲವರನ್ನು ಕೂಡಿಸುವಾಗಲೇ ಕೆಲವರನ್ನು ಬೇರೆ ಮಾಡುವುದೂ ಉಂಟು. ಹುಡುಗಿಯು ಇದನ್ನು ಮೌನವಾಗಿ ಕೇಳಿಸಿಕೊಂಡಳು.

ಮೂರನೆಯ ದಿನ ಮಿನಿಕಾಯ್. ಅದು ಉಳಿದ ದ್ವೀಪಗಳಿಗಿಂತ ಬಹುದೂರ ದಕ್ಷಿಣದಲ್ಲಿದೆ; ಅಲ್ಲಿಯ ಭಾಷೆಯು ಮಲೆಯಾಳವಲ್ಲ, ಮಾಲ್ದೀವಿನ ಭಾಷೆಗೆ ಸೇರಿದ ಮಹಲ್; ಅದರ ಲಿಪಿಯನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಅಲ್ಲಿಯ ಗಂಡಸರು ತಲೆಮಾರುಗಳಿಂದ ನಾವಿಕರು. ಲೋಕದ ಹಡಗುಗಳಲ್ಲಿ ಕೆಲಸಕ್ಕೆ ಹೋಗಿ ತಿಂಗಳುಗಟ್ಟಲೆ ಮನೆಗೆ ಬಾರದಿರುವವರು. ಮನೆತನವು ತಾಯಿಯ ಕಡೆಯಿಂದ ನಡೆಯುತ್ತದೆ. ಪ್ರತಿ ಗ್ರಾಮಕ್ಕೂ ಗಂಡಸರಲ್ಲೊಬ್ಬ ಮುಖ್ಯಸ್ಥನಿರುವಂತೆ ಹೆಂಗಸರಲ್ಲಿಯೂ ಒಬ್ಬ ಮುಖ್ಯಸ್ಥೆಯಿರುತ್ತಾಳೆ. ಬೀದಿಯ ನೈರ್ಮಲ್ಯ, ಹಬ್ಬಹುಣ್ಣಿಮೆ, ಒಟ್ಟಿನ ಕೆಲಸಗಳು ಅವರ ಮಾತಿನಂತೆ ನಡೆಯುವುವು. 1885ರಲ್ಲಿ ಕಟ್ಟಿದ ದೀಪಸ್ತಂಭವೊಂದು ಅಲ್ಲಿದೆ. ಮಕ್ಕಳಿಬ್ಬರೂ ನಾವೂ ಮೆಟ್ಟಿಲುಗಳನ್ನು ಹತ್ತಿ ಮೇಲೆ ಹೋದೆವು. ಒಂದು ಕಡೆ ಕಡುನೀಲಿಯ ಸಮುದ್ರ, ಒಂದು ಕಡೆ ಹಸಿರುನೀಲಿಯ ಲಗೂನ್, ನಡುವೆ ತೆಂಗಿನ ತೋಪು. ಆ ಬಣ್ಣವನ್ನು ಹೇಳಲು ನಮ್ಮಲ್ಲಿ ಮಾತಿಲ್ಲ, ಹೋಗಿ ನೋಡತಕ್ಕದ್ದು.

ಕೆಳಗೆ ನೆರಳಿನಲ್ಲಿ ಅಮ್ಮನವರು ಆ ಊರಿನ ಹೆಂಗಸೊಬ್ಬರ ಪಕ್ಕದಲ್ಲಿ ಕುಳಿತು ಎಳನೀರು ಕುಡಿಯುತ್ತಿದ್ದರು. ಆಕೆಗೆ ಸ್ವಲ್ಪ ಮಲೆಯಾಳ ಬರುತ್ತಿದ್ದಿತು. ಆಕೆಯ ಮಗನು ಹಡಗಿಗೆ ಹೋಗಿ ಒಂಬತ್ತು ತಿಂಗಳಾಗಿದ್ದುವಂತೆ. ಅಮ್ಮನವರು, “ಮಗನಿಲ್ಲದೆ ಹೇಗಿರುತ್ತೀರಿ, ತಾಯಿ?” ಎಂದು ಕೇಳಿದ್ದಕ್ಕೆ ಆಕೆಯು ನಕ್ಕು, ಇಲ್ಲಿ ಒಬ್ಬರು ಸಮುದ್ರದ ಮೇಲಿಲ್ಲದ ಮನೆಯೇ ಇಲ್ಲವೆಂದೂ, ಹೋದವರು ಬಿಟ್ಟುಹೋದವರೆಂದು ಯಾರೂ ಎಣಿಸುವುದಿಲ್ಲವೆಂದೂ, ಉಳಿದವರು ಕಟ್ಟಿಹಾಕಲ್ಪಟ್ಟವರೆಂದೂ ಎಣಿಸುವುದಿಲ್ಲವೆಂದೂ ಹೇಳಿದರಂತೆ. ದೋಣಿಯಲ್ಲಿ ಹಿಂತಿರುಗುವಾಗ ಅಮ್ಮನವರು ಈ ಮಾತನ್ನು ಯಾರಿಗೂ ಅಲ್ಲವೆಂಬಂತೆ, ಆದರೆ ಎಲ್ಲರಿಗೂ ಕೇಳಿಸುವಂತೆ ಹೇಳಿದರು.

ಆ ರಾತ್ರಿ ಹುಡುಗನೂ ಅಮ್ಮನವರೂ ಮಲಗಿದ ಮೇಲೆ ಹುಡುಗಿಯು ನಮ್ಮನ್ನು ಮೇಲಿನ ಅಂತಸ್ತಿಗೆ ಕರೆದಳು. ಬೆಂಗಳೂರಿನ ದೀಪಗಳ ನಡುವೆ ನಾವೆಂದೂ ಕಾಣದಷ್ಟು ನಕ್ಷತ್ರಗಳಿದ್ದುವು. ಬಹಳ ಹೊತ್ತು ಸುಮ್ಮನಿದ್ದು, “ಅತ್ತೆ, ನಾನು ಹೋದರೆ ಅಜ್ಜಿಯ ಮೊಣಕಾಲಿಗೆ ಎಣ್ಣೆ ಹಚ್ಚುವವರು ಯಾರು? ನೀವು ಶಾಲೆಯಿಂದ ಬರುವುದೇ ದೀಪ ಹಚ್ಚಿದ ಮೇಲೆ. ಹೋಗದಿದ್ದರೆ ಅಮ್ಮನ ಮುಖವನ್ನು ಹೇಗೆ ನೋಡಲಿ? ಅಪ್ಪನೂ ಇಲ್ಲ, ನಾನೂ ಬೇಡವೆಂದರೆ ಅವರಿಗೆ ಯಾರು?” ಎಂದಳು. ಹದಿನಾಲ್ಕು ವರ್ಷದ ಹುಡುಗಿಯು ಇಷ್ಟನ್ನೂ ಒಬ್ಬಳೇ ಹೊತ್ತುಕೊಂಡು ಲೆಕ್ಕದ ಪುಸ್ತಕದ ಮುಂದೆ ಕುಳಿತಿದ್ದಳು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹೆಣ್ಣುಮಕ್ಕಳ ನಡುವೆ ಇರುವ ನಮಗೆ ಒಂದು ಸಂಗತಿಯು ತಿಳಿದಿದೆ: ಹುಡುಗಿಯು ಮಾತನಾಡದಿರುವುದು ಹೇಳುವುದಕ್ಕೆ ಏನೂ ಇಲ್ಲದೆ ಅಲ್ಲ, ಏನು ಹೇಳಿದರೂ ಯಾರಿಗಾದರೂ ನೋವಾಗುವುದೆಂಬ ಭಯದಿಂದ. ನಾವು ಅವಳಿಗೆ ಉಪದೇಶವನ್ನು ಮಾಡಲಿಲ್ಲ. “ನೀನು ಯಾವುದನ್ನು ನಿಶ್ಚಯಿಸಿದರೂ ಈ ಮನೆಯಲ್ಲಿ ನಿನ್ನ ಮಂಚವು ಇದ್ದೇ ಇರುತ್ತದೆ. ಆದರೆ ಅದನ್ನು ನಿನ್ನ ಅಮ್ಮನಿಗೆ ನೀನೇ ಹೇಳಬೇಕು, ನಿನ್ನ ಬದಲಾಗಿ ನಾವು ಹೇಳುವುದಿಲ್ಲ” ಎಂದಷ್ಟೇ ಹೇಳಿದೆವು. ಹಡಗಿನ ಯಂತ್ರದ ಶಬ್ದವು ಕಾಲಡಿಯಲ್ಲಿ ನಡೆಯುತ್ತಲೇ ಇತ್ತು. ಅವಳು ನಮ್ಮ ತೋಳಿಗೆ ಒರಗಿಕೊಂಡು ಕೋಣೆಗೆ ಬಂದಳು.

ನಾಲ್ಕನೆಯ ದಿನ ಕವರತ್ತಿ. 1964ರಿಂದ ಅದೇ ದ್ವೀಪಗಳ ರಾಜಧಾನಿ. ಮರದ ಕೆತ್ತನೆಯ ಸುಂದರವಾದ ಮಾಳಿಗೆಯುಳ್ಳ ಉಜ್ರ ಮಸೀದಿಯು ಅಲ್ಲಿದೆ. 2005ರಿಂದ ಸಮುದ್ರದ ನೀರನ್ನು ಸಿಹಿನೀರು ಮಾಡುವ ಕಾರ್ಖಾನೆಯೂ ಇದೆ. ಮೇಲಿನ ಬೆಚ್ಚನೆಯ ನೀರನ್ನು ಗಾಳಿಯ ಒತ್ತಡ ಕಡಿಮೆಯಿರುವ ಪಾತ್ರೆಗೆ ಬಿಟ್ಟರೆ ಅದು ಕುದಿಸದೆಯೇ ಆವಿಯಾಗುವುದು; ಆಳದಿಂದ ತಂದ ತಣ್ಣೀರಿನಿಂದ ಆ ಆವಿಯನ್ನು ತಣಿಸಿದರೆ ಕುಡಿಯುವ ನೀರು. ದಿನಕ್ಕೆ ಒಂದು ಲಕ್ಷ ಲೀಟರ್ ದೊರೆಯುವಂತೆ ಅದನ್ನು ಕಟ್ಟಿದ್ದಾರೆ. ಗಾಜಿನ ತಳದ ದೋಣಿಯಲ್ಲಿ ಹವಳದ ತೋಟವನ್ನೂ ಬಣ್ಣದ ಮೀನುಗಳನ್ನೂ ನೋಡಿದೆವು. ಅಲ್ಲಲ್ಲಿ ಹವಳವು ಬಿಳಿಚಿಕೊಂಡು ಸತ್ತಿದ್ದುದನ್ನೂ ಕಂಡೆವು; 1998, 2010, 2016ರಲ್ಲಿ ಸಮುದ್ರವು ಮಿತಿಮೀರಿ ಕಾದುದರ ಫಲವದು. ಹುಡುಗನು ಒಂದು ಹವಳದ ಚೂರನ್ನು ಅಮ್ಮನಿಗೆಂದು ಜೇಬಿಗೆ ಹಾಕಿಕೊಂಡಿದ್ದನು. ವನ್ಯಜೀವಿ ಸಂರಕ್ಷಣೆಯ ಕಾನೂನಿನಂತೆ ಅದನ್ನು ಕೊಂಡೊಯ್ಯಕೂಡದೆಂದು ಹೇಳಿದಾಗ, ಮುಖ ಸಣ್ಣಗೆ ಮಾಡಿಕೊಂಡು, ಅದನ್ನು ಎಲ್ಲಿಂದ ಎತ್ತಿದ್ದನೋ ಅಲ್ಲಿಗೇ ಹೋಗಿ ಇಟ್ಟುಬಂದನು.

ಕವರತ್ತಿಯ ದಡದಲ್ಲಿ ಮೊಬೈಲಿಗೆ ಜೀವ ಬಂದಿತು. ಸಮುದ್ರದಡಿಯ ತಂತಿಯು ಕೊಚ್ಚಿಯಿಂದ ಆ ದ್ವೀಪಗಳಿಗೆ ತಲಪಿ ಉದ್ಘಾಟನೆಯಾದುದು 2024ರ ಜನವರಿಯಲ್ಲಿ. ನಾವು ಹೋದಾಗ ಎಲ್ಲವೂ ಉಪಗ್ರಹದ ಮೂಲಕವೇ, ಮಾತು ತಡೆತಡೆದು ಬರುತ್ತಿತ್ತು. ಹುಡುಗಿಯು ನಮ್ಮ ಕೈಯಿಂದ ಫೋನನ್ನು ತೆಗೆದುಕೊಂಡು ಒಂದು ತೆಂಗಿನ ಮರದ ಕೆಳಗೆ ಹೋದಳು. ನಾವು ದೂರ ನಿಂತೆವು, ಆದರೂ ಗಾಳಿಯು ಒಂದು ಮಾತನ್ನು ತಂದಿತು: “ಇಲ್ಲಮ್ಮಾ, ಅತ್ತೆ ಹೇಳಿಸಿದ್ದಲ್ಲ, ನಾನೇ ಹೇಳುತ್ತಿದ್ದೇನೆ.” ಎಸ್.ಎಸ್.ಎಲ್.ಸಿ. ಮುಗಿಯುವವರೆಗೆ ತಾನು ಅಜ್ಜಿಯ ಬಳಿ ಇರುವೆನೆಂದೂ, ತಮ್ಮನು ಏಪ್ರಿಲಿನಲ್ಲಿಯೇ ಬರಲೆಂದೂ, ಆಮೇಲೆ ತಾನೂ ಬರುವೆನೆಂದೂ ಅವಳು ಹೇಳಿದಳು. ಆ ಕಡೆಯಲ್ಲಿ ತಾಯಿಯು ಅತ್ತಳು. ಅತ್ತಾದ ಮೇಲೆ, ಏನು ತಿಂದಿರಿ, ಬಿಸಿಲಿಗೆ ತಲೆಗೆ ಬಟ್ಟೆ ಕಟ್ಟಿಕೊಂಡಿರೋ ಎಂದು ಕೇಳಿದಳಂತೆ. ಇಪ್ಪತ್ತು ನಿಮಿಷ ಮಾತನಾಡಿದರು. ಹಿಂದಿನ ಆರು ತಿಂಗಳಲ್ಲಿ ಅವರಿಬ್ಬರೂ ಒಟ್ಟು ಅಷ್ಟು ಮಾತನಾಡಿರಲಿಲ್ಲ.

ಐದನೆಯ ದಿನ ಕೊಚ್ಚಿ. ಅದರ ಮರುದಿನ ಹಲಸೂರು.

ಮುಂದಿನದನ್ನು ಸಂಕ್ಷೇಪವಾಗಿ ಹೇಳುತ್ತೇವೆ. 2019ರ ಏಪ್ರಿಲಿನಲ್ಲಿ ಹುಡುಗನು ತಾಯಿಯ ಬಳಿಗೆ ಹೋದನು. 2020ರ ಮಾರ್ಚಿನಲ್ಲಿ ಮಹಾಮಾರಿಯಿಂದ ವಿಮಾನಗಳು ನಿಂತುವು, ಎಸ್.ಎಸ್.ಎಲ್.ಸಿ. ಪರೀಕ್ಷೆಯು ಮುಂದೆ ಹೋಗಿ ಜೂನ್ 25ರಂದು ಪ್ರಾರಂಭವಾಯಿತು. ಹುಡುಗಿಯು ಮುಖಗವುಸು ಧರಿಸಿ ಪರೀಕ್ಷೆಗೆ ಕುಳಿತಳು. ತಾಯಿಯ ಬಳಿಗೆ ಹೋಗುವ ದಾರಿಯಿರಲಿಲ್ಲ, ಪಿ.ಯು. ತರಗತಿಯನ್ನೂ ಇಲ್ಲಿಯೇ ಓದಿದಳು. ಆ ದಿನಗಳಲ್ಲಿ ಪ್ರತಿ ಸಂಜೆಯೂ ಮಸ್ಕತ್ತಿಗೆ ಫೋನು, ಮಾತಿಗೆ ಕೊರತೆಯಿರಲಿಲ್ಲ. 2021ರಲ್ಲಿ ನಮ್ಮ ತಾಯಿಯವರು ಪ್ರಭುವಿನಲ್ಲಿ ನಿದ್ರೆಹೋದರು. ಮೊಮ್ಮಗಳು ಕೊನೆಯ ದಿನದವರೆಗೂ ಅವರ ಮೊಣಕಾಲಿಗೆ ಎಣ್ಣೆ 
ಹಚ್ಚಿದಳು. ದಾರಿಗಳು ತೆರೆದ ಮೇಲೆ, ಹೇಳಿದ್ದಂತೆಯೇ, ತಾಯಿಯ ಬಳಿಗೆ ಹೋದಳು.

ಪೋಷಕರೇ, ಹಡಗಿನ ಪ್ರವಾಸವು ಕುಟುಂಬಕ್ಕೆ ತಕ್ಕುದೇ ಎಂದು ಕೇಳಿದಿರಿ. ತಕ್ಕುದೇ ಸರಿ. ಪ್ರತಿದಿನವೂ ಪೆಟ್ಟಿಗೆಯನ್ನು ಕಟ್ಟಿ ಬಿಚ್ಚುವ ಕಷ್ಟವಿಲ್ಲ, ಅಡಿಗೆಯ ಚಿಂತೆಯಿಲ್ಲ, ಮಕ್ಕಳು ತಪ್ಪಿಸಿಕೊಂಡು ಹೋಗುವುದಕ್ಕೆ ಸ್ಥಳವಿಲ್ಲ, ದೊಡ್ಡವರಿಗೂ ಇಲ್ಲ. ಈ ಕೊನೆಯದೇ ಅದರ ಮುಖ್ಯ ಗುಣವೆಂದು ನಮ್ಮ ಅಭಿಪ್ರಾಯ. ಹೊರಡುವುದಕ್ಕೆ ಮೊದಲು ಅನುಮತಿಯ ನಿಯಮಗಳನ್ನೂ ಹಡಗಿನ ವೇಳೆಯನ್ನೂ ಆಯಾ ಕಾಲಕ್ಕೆ ವಿಚಾರಿಸಿಕೊಳ್ಳಿರಿ. ಮಳೆಗಾಲವನ್ನು ಬಿಟ್ಟು ಹೋಗಿರಿ. ಗಟ್ಟಿಯಾದ ಚಪ್ಪಲಿಯನ್ನೂ ವೃದ್ಧರ ಔಷಧಿಯನ್ನೂ ಕೈಚೀಲದಲ್ಲಿಯೇ ಇಟ್ಟುಕೊಳ್ಳಿರಿ. ದೋಣಿಗೆ ಇಳಿಯುವ ಬಾಗಿಲಿನಲ್ಲಿ ಅವಸರ ಬೇಡ. ಅಲೆಯು ಮೇಲೇಳುವವರೆಗೆ ಕಾಯಬೇಕು. ಮನೆಯ ಹುಡುಗಿಯು ಮಾತನಾಡದೆ ಇದ್ದರೆ ಅಲ್ಲಿಯೂ ಹಾಗೆಯೇ ಕಾಯಿರಿ. ಅವಳು ಕಾಲೆತ್ತುವಾಗ ತೋಳನ್ನು ಹಿಡಿದುಕೊಳ್ಳಲು ಹತ್ತಿರದಲ್ಲಿರಿ.

ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿ ಮಸ್ಕತ್ತು, ದುಬೈ, ಲಂಡನ್ ಮೊದಲಾದ ಕಡೆಗಳಲ್ಲಿ ಇದ್ದುಕೊಂಡು ಈ ಸಂಚಿಕೆಯನ್ನು ಓದುವಿರಿ. ನಿಮ್ಮ ತಾಯಂದಿರು ಹಲಸೂರಿನಲ್ಲಿಯೋ ಇಂದಿರಾನಗರದಲ್ಲಿಯೋ ಕೃಷ್ಣರಾಜಪುರದಲ್ಲಿಯೋ ಇದ್ದಾರೆ. ಈ ವರ್ಷ ರಜೆಗೆ ಬಂದಾಗ ಅವರನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಿರಿ. ಅವರು ಬೇಡವೆನ್ನುವರು, ಅನ್ನುತ್ತಲೇ ಸೀರೆಗಳನ್ನು ಮಡಿಸುವರು. 

ಮುಖ್ಯೋಪಾಧ್ಯಾಯಿನಿ